ಆಫ್ರಿಕದ ಬಯಲಿನಲ್ಲಿ ಮೃಗ-ಪಕ್ಷಿಗಳ ದರ್ಶನ ಮತ್ತು ಛಾಯಾಗ್ರಹಣ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಕಚೇರಿಯ ಗುಮಾಸ್ತರು, ಕಾರ್ಖಾನೆಯ ಕೆಲಸಗಾರರು, ಹೋಟೆಲು-ಅಂಗಡಿಗಳಲ್ಲಿ ದುಡಿಯುವವರು. “ಆಫ್ರಿಕದ ಸಿಂಹ, ಆನೆಗಳ ಪಾಠ ನಮಗೇಕೆ? ಅದು ಉಳ್ಳವರ ವಿಲಾಸವಲ್ಲವೆ?” ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಅದಕ್ಕೆ ನಾವು ಕೊಡುವ ಉತ್ತರ ಎರಡು. ಮೊದಲನೆಯದು, ನೈರೋಬಿ, ದಾರ್-ಎಸ್-ಸಲಾಮ್‌ಗಳಿಗೆ ಉದ್ಯೋಗಕ್ಕೆಂದು ಹೋಗುವವರು ನಮ್ಮವರಲ್ಲೂ ಇರುತ್ತಾರೆ. ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ಜೀವಮಾನದಲ್ಲಿ ಒಮ್ಮೆ ಇಂಥ ಪ್ರವಾಸ ಮಾಡುವ ಸಂಸಾರಸ್ಥರೂ ಇರುತ್ತಾರೆ. ಹೀಗೆ ಬೆವರು ಸುರಿಸಿ ಗಳಿಸಿದ ಹಣ ಸಾರ್ಥಕವಾಗಬೇಕಾದರೆ ಹೋಗುವ ಮುಂಚೆ ನಾಲ್ಕು ಸಂಗತಿ ತಿಳಿದಿರಬೇಕು. ಎರಡನೆಯದು, ಅಲ್ಲಿ ಬೇಕಾಗುವ ಕಣ್ಣಿನ ಶಿಸ್ತನ್ನು ಇಲ್ಲಿಯೇ, ನಮ್ಮ ಊರಿನ ಕೆರೆಯಂಚಿನಲ್ಲಿ, ರವಿವಾರದ ಬೆಳಿಗ್ಗೆ ಬಿಡಿಕಾಸಿನ ಖರ್ಚಿಲ್ಲದೆ ಕಲಿಯಬಹುದು. ಆದುದರಿಂದ ಹೋಗುವವರಿಗೂ ಹೋಗದವರಿಗೂ ಈ ಪಾಠ ಉಪಯೋಗಕ್ಕೆ ಬಂದೀತೆಂದು ನಮ್ಮ ನಂಬಿಕೆ.

1. ‘ಸಫಾರಿ’ ಎಂಬ ಮಾತು

ಸಫಾರಿ ಎಂಬುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಮಾತು. ಅದರ ಅರ್ಥ ‘ಪ್ರಯಾಣ’ ಎಂದಷ್ಟೆ. ಮೂಲ ಅರಬ್ಬೀ ಭಾಷೆಯದು. ಮುಂಬಯಿ, ದಿಲ್ಲಿ, ಹೈದರಾಬಾದುಗಳಲ್ಲಿ ನಾವು ದಿನವೂ ಕೇಳುವ ‘ಸಫರ್’ ಎಂಬ ಶಬ್ದ ಇದರ ಒಡಹುಟ್ಟು. ಅಲ್ಲಿಯ ಜನ ಅಂಗಡಿಗೆ ‘ದುಕಾ’ ಎನ್ನುತ್ತಾರೆ, ‘ಚಪಾತಿ’ ತಿನ್ನುತ್ತಾರೆ, ‘ಚಾಯ್’ ಕುಡಿಯುತ್ತಾರೆ. ಸಮುದ್ರ ಎರಡು ತೀರಗಳನ್ನು ಬೇರೆ ಮಾಡಿದಷ್ಟೇ ಕೂಡಿಸಿಯೂ ಇದೆ.

ಈ ನಂಟಿನಲ್ಲಿ ದುಡಿಮೆಗಾರರ ಪಾಲು ದೊಡ್ಡದು. 1896ರಿಂದ 1901ರವರೆಗೆ ಮೊಂಬಾಸದಿಂದ ವಿಕ್ಟೋರಿಯಾ ಸರೋವರದ ದಡಕ್ಕೆ ಬ್ರಿಟಿಷರು ಹಾಕಿಸಿದ ರೈಲುಹಾದಿಗೆ ಸುಮಾರು 32,000 ಮಂದಿ ಭಾರತೀಯ ಕೂಲಿಗಳನ್ನು ಕರಾರಿನ ಮೇಲೆ ಕರೆದೊಯ್ಯಲಾಯಿತು. ಅವರಲ್ಲಿ ಪಂಜಾಬಿನವರೇ ಹೆಚ್ಚು. ಸುಮಾರು 2,500 ಮಂದಿ ರೋಗ, ಅಪಘಾತಗಳಿಗೆ ಬಲಿಯಾಗಿ ಹಿಂತಿರುಗಲೇ ಇಲ್ಲ. 1898ರಲ್ಲಿ ತ್ಸಾವೊ ನದಿಯ ಸೇತುವೆಯ ಬಳಿ ಎರಡು ಸಿಂಹಗಳು ತಿಂಗಳುಗಟ್ಟಲೆ ಡೇರೆಗಳಿಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದವು. ಇಂದು ಪ್ರವಾಸಿಗಳು ಸಿಂಹವನ್ನು ನೋಡಲು ಹಣ ತೆತ್ತು ಹೋಗುವ ತ್ಸಾವೊ ಉದ್ಯಾನ ಇದೇ ನೆಲ. ಆ ಹಾದಿಯ ಹಳಿಗಳ ಕೆಳಗೆ ನಮ್ಮ ದೇಶದ ವಲಸೆಗಾರರ ಬೆವರಿದೆ ಎಂಬುದನ್ನು ಮರೆಯಬಾರದು.

ಅದೇ ರೈಲಿನಲ್ಲಿ ಬೇಟೆಗಾರರೂ ಬಂದರು. ಅಮೆರಿಕದ ಅಧ್ಯಕ್ಷ ಪದವಿಯಿಂದ ಆಗತಾನೆ ಇಳಿದಿದ್ದ ಥಿಯೋಡೋರ್ ರೂಸ್‌ವೆಲ್ಟರು 1909ರಲ್ಲಿ ಮೊಂಬಾಸಕ್ಕೆ ಬಂದಿಳಿದರು. ಆ ಪ್ರವಾಸದಲ್ಲಿ ಅವರೂ ಅವರ ಮಗನೂ ಸೇರಿ 512 ಪ್ರಾಣಿಗಳನ್ನು ಹೊಡೆದರೆಂದು ಅವರೇ ಲೆಕ್ಕ ಬರೆದಿಟ್ಟಿದ್ದಾರೆ. ಇಂದಿಗೂ ಪ್ರವಾಸಿಗಳ ಬಾಯಲ್ಲಿರುವ ‘ದೊಡ್ಡ ಐದು’ ಎಂಬ ಮಾತು, ಅಂದರೆ ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡುಕೋಣ, ಬೇಟೆಗಾರರಿಂದ ಬಂದದ್ದೇ. ಇವು ಗಾತ್ರದಲ್ಲಿ ದೊಡ್ಡವು ಎಂದಲ್ಲ. ಕಾಲ್ನಡಿಗೆಯಲ್ಲಿ ಬೇಟೆಯಾಡಲು ಅತಿ ಅಪಾಯಕರವಾದವು ಎಂದು ಹಾಗೆ ಕರೆದರು. ಅದೇ ಕಾಲದಲ್ಲಿ ಬಂದೂಕಿನ ಬದಲು ಕ್ಯಾಮರಾ ಹಿಡಿದವರೂ ಇದ್ದರು. ಜರ್ಮನಿಯ ಶಿಲ್ಲಿಂಗ್ಸ್ ಎಂಬವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಕತ್ತಲೆಯಲ್ಲಿ ಮಿಂಚುದೀಪ ಹಚ್ಚಿ ನೀರಿಗೆ ಬರುವ ಸಿಂಹಗಳ ಚಿತ್ರ ತೆಗೆದರು. ಅಲ್ಲಿಂದ ಮುಂದೆ ಸಫಾರಿಯ ಅರ್ಥ ಮೆಲ್ಲಮೆಲ್ಲನೆ ಕೊಲ್ಲುವುದರಿಂದ ನೋಡುವುದಕ್ಕೆ ತಿರುಗಿತು.

2. ಎಲ್ಲಿಗೆ, ಯಾವಾಗ?

ಆಫ್ರಿಕ ಒಂದು ದೇಶವಲ್ಲ, ಐವತ್ತಕ್ಕೂ ಮಿಕ್ಕ ದೇಶಗಳ ಖಂಡ. ಮೊದಲ ಬಾರಿಗೆ ಹೋಗುವವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಕೆನ್ಯಾ ಮತ್ತು ಟಾಂಜಾನಿಯಗಳನ್ನು. ಟಾಂಜಾನಿಯದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ 1951ರಲ್ಲಿ ಸ್ಥಾಪಿತವಾಯಿತು. ವಿಸ್ತಾರ ಸುಮಾರು 14,760 ಚದರ ಕಿಲೋಮೀಟರು, ಎಂದರೆ ನಮ್ಮ ಬಂಡೀಪುರದ ಹದಿನಾರು-ಹದಿನೇಳರಷ್ಟು. ಅದಕ್ಕೆ ಉತ್ತರದಲ್ಲಿ ಹೊಂದಿಕೊಂಡಿರುವುದೇ ಕೆನ್ಯಾದ ಮಸಾಯ್ ಮಾರಾ. ನೈರೋಬಿ ನಗರದ ಅಂಚಿನಲ್ಲಿಯೇ 117 ಚದರ ಕಿಲೋಮೀಟರಿನ ನೈರೋಬಿ ರಾಷ್ಟ್ರೀಯ ಉದ್ಯಾನವಿದೆ. ಇದು ಮುಂಬಯಿಯ ಬೋರಿವಲಿ ಉದ್ಯಾನಕ್ಕಿಂತ ತುಸು ದೊಡ್ಡದು. ಕೆಲಸದ ನಿಮಿತ್ತ ನೈರೋಬಿಗೆ ಹೋದವರು ಒಂದೇ ಬೆಳಿಗ್ಗೆಯಲ್ಲಿ ಇದನ್ನು ನೋಡಿ ಬರಬಹುದು.

ಮಸಾಯ್ ಮಾರಾ ಮತ್ತು ಸೆರೆಂಗೆಟಿಗಳ ನಡುವೆ ಪ್ರತಿವರ್ಷ ನಡೆಯುವ ‘ವಿಲ್ಡ್‌ಬೀಸ್ಟ್’ಗಳ ವಲಸೆ ಜಗತ್ಪ್ರಸಿದ್ಧ. ಇದು ಗಡ್ಡ ಬಿಟ್ಟ, ದನದಂತೆ ಮುಖವುಳ್ಳ ಒಂದು ಬಗೆಯ ಹುಲ್ಲೆ. ಮಳೆ ಬಿದ್ದಲ್ಲಿ ಹುಲ್ಲು, ಹುಲ್ಲು ಇದ್ದಲ್ಲಿ ಈ ಹಿಂಡು. ಜನವರಿ-ಫೆಬ್ರುವರಿಯಲ್ಲಿ ಸೆರೆಂಗೆಟಿಯ ತೆಂಕಣ ಬಯಲಿನಲ್ಲಿ ಅವು ಮರಿ ಹಾಕುತ್ತವೆ. ಜುಲೈಯಿಂದ ಅಕ್ಟೋಬರಿನವರೆಗೆ ಉತ್ತರದಲ್ಲಿ, ಮೊಸಳೆಗಳಿರುವ ಮಾರಾ ನದಿಯನ್ನು ಲಕ್ಷಗಟ್ಟಲೆ ದಾಟುತ್ತವೆ. ಅನ್ನಕ್ಕಾಗಿ ಊರು ಬಿಟ್ಟು ಹೊರಟವರಿಗೆ ಈ ದೃಶ್ಯದ ಅರ್ಥವನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮೃಗಗಳನ್ನು ನೋಡಲು ಒಣ ತಿಂಗಳುಗಳು ಒಳ್ಳೆಯವು. ಹುಲ್ಲು ಗಿಡ್ಡವಾಗಿರುತ್ತದೆ, ಪ್ರಾಣಿಗಳು ನೀರಿನ ಬಳಿ ಸೇರುತ್ತವೆ. ಹಕ್ಕಿಗಳನ್ನು ನೋಡಲು ಮಾತ್ರ ನವಂಬರಿನಿಂದ ಏಪ್ರಿಲಿನವರೆಗಿನ ಕಾಲ ಮೇಲು. ಯೂರೋಪು, ಏಷ್ಯಾಗಳ ಚಳಿಯಿಂದ ತಪ್ಪಿಸಿಕೊಂಡು ಬಂದ ಹಕ್ಕಿಗಳು ಆಗ ಅಲ್ಲಿರುತ್ತವೆ. ಊರಿನ ಹಕ್ಕಿಗಳೂ ಮಳೆಗೆ ಬಣ್ಣ ತಳೆದು ಗೂಡು ಕಟ್ಟುತ್ತವೆ. ಎರಡೂ ಬೇಕೆನ್ನುವವರಿಗೆ ಜನವರಿ-ಫೆಬ್ರುವರಿ ಸೂಕ್ತ. ಮಾರ್ಚಿನಿಂದ ಮೇ ತನಕ ದೊಡ್ಡ ಮಳೆ. ಹಾದಿ ಕೆಸರಾದರೂ ವಸತಿಯ ದರ ಇಳಿದಿರುತ್ತದೆ.

3. ಏನು ಒಯ್ಯಬೇಕು?

ಮೊದಲು ಕಾಗದಪತ್ರ. ಕೆನ್ಯಾದಿಂದ ಭಾರತಕ್ಕೆ ಹಿಂತಿರುಗುವವರು ಹಳದಿಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಲಸಿಕೆಯನ್ನು ಹೊರಡುವುದಕ್ಕೆ ಕಡಮೆಯೆಂದರೆ ಹತ್ತು ದಿನ ಮುಂಚೆ ಹಾಕಿಸಿಕೊಂಡಿರಬೇಕು. ಕೆನ್ಯಾ 2017ರಲ್ಲಿಯೂ ಟಾಂಜಾನಿಯ 2019ರಲ್ಲಿಯೂ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿವೆ. ಆದುದರಿಂದ ತಿಂಡಿ ಕಟ್ಟಿಕೊಳ್ಳಲು ಬಟ್ಟೆಯ ಚೀಲವೇ ಸರಿ.

ಎರಡನೆಯದು ದುರ್ಬೀನು. ಕೈಯಲ್ಲಿ ಹಣ ಕಡಮೆಯಿದ್ದರೆ ಕ್ಯಾಮರಾಕ್ಕಿಂತ ಮೊದಲು ಒಳ್ಳೆಯ ದುರ್ಬೀನು ಕೊಳ್ಳಿರೆಂದು ನಾವು ಹೇಳುತ್ತೇವೆ. ಅದರ ಮೇಲೆ ‘8×42’ ಎಂದು ಬರೆದಿರುತ್ತದೆ. ಮೊದಲಿನ ಅಂಕೆ ವಸ್ತುವನ್ನು ಎಂಟು ಪಟ್ಟು ಹತ್ತಿರ ತಂದು ತೋರಿಸುತ್ತದೆ ಎಂಬುದಕ್ಕೆ. ಎರಡನೆಯದು ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯ ದಪ್ಪ ಸಿಗುತ್ತದೆ; ಇಲ್ಲಿ ಅದು ಐದು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ನಸುಕಿನಲ್ಲಿ ನೋಡಲು ಇಷ್ಟು ಬೇಕು. ಹನ್ನೆರಡು, ಹದಿನಾರು ಪಟ್ಟು ಎಂದು ಆಸೆ ತೋರಿಸುವ ದುರ್ಬೀನುಗಳಲ್ಲಿ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆಂಬುದು ನೆನಪಿರಲಿ.

ಮೂರನೆಯದು ಕ್ಯಾಮರಾ. ಮೊಬೈಲಿನಲ್ಲಿ ಆನೆಯ ಹಿಂಡು, ಬಯಲು, ಆಕಾಶ ಚೆನ್ನಾಗಿ ಬರುತ್ತವೆ, ಹಕ್ಕಿ ಬರುವುದಿಲ್ಲ. ಮೃಗಗಳಿಗೆ 300-400 ಮಿಲಿಮೀಟರಿನ ಲೆನ್ಸು ಸಾಕು, ಹಕ್ಕಿಗಳಿಗೆ 500-600 ಇದ್ದರೆ ಒಳ್ಳೆಯದು. ದೊಡ್ಡ ಊರುಗಳಲ್ಲಿ ಇಂಥ ಲೆನ್ಸುಗಳು ಬಾಡಿಗೆಗೆ ದೊರೆಯುತ್ತವೆ. ಎಂಟು ದಿನದ ಕೆಲಸಕ್ಕೆ ಸಾಲ ಮಾಡಿ ಕೊಳ್ಳುವ ಅಗತ್ಯವಿಲ್ಲ. ಬಾಡಿಗೆಗೆ ತಂದ ಲೆನ್ಸಿನಲ್ಲಿ ಹೊರಡುವ ಮುಂಚೆ ಎರಡು ದಿನ ಕಾಗೆ, ಪಾರಿವಾಳಗಳ ಮೇಲೆ ಕೈ ಪಳಗಿಸಿಕೊಳ್ಳಬೇಕು. ಹೊಸ ಯಂತ್ರವನ್ನು ಸಿಂಹದ ಎದುರಿಗೆ ಕಲಿಯಲು ಹೊರಟರೆ ಸಿಂಹ ಕಾಯುವುದಿಲ್ಲ.

ಸ್ಟ್ಯಾಂಡು ಜೀಪಿನೊಳಗೆ ನಿಲ್ಲದು. ಬದಲಿಗೆ ದಪ್ಪ ಬಟ್ಟೆಯ ಒಂದು ಚೀಲ ಹೊಲಿಸಿ ಖಾಲಿ ಒಯ್ಯಿರಿ. ಅಲ್ಲಿ ಅಕ್ಕಿಯನ್ನೋ ಕಾಳನ್ನೋ ತುಂಬಿ ಕಿಟಕಿಯ ಅಂಚಿನ ಮೇಲಿಟ್ಟು ಲೆನ್ಸನ್ನು ಅದರಲ್ಲಿ ಕೂರಿಸಿದರೆ ಕಲ್ಲಿನಂತೆ ನಿಲ್ಲುತ್ತದೆ. ಮರಳುವಾಗ ಆ ಧಾನ್ಯ ಯಾರಿಗಾದರೂ ಉಪಯೋಗವಾದೀತು. ಎರಡು ಬ್ಯಾಟರಿ, ಎರಡು ಕಾರ್ಡು, ಧೂಳಿಗೆ ಮುಚ್ಚಲು ಹಳೆಯ ಪಂಚೆಯ ತುಂಡು, ಒಂದು ಟಿಪ್ಪಣಿ ಪುಸ್ತಕ: ಇಷ್ಟಾದರೆ ಆಯಿತು. ಪುಟ್ಟ ವಿಮಾನದಲ್ಲಿ ಉದ್ಯಾನಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಹದಿನೈದು ಕಿಲೋಗ್ರಾಂ ಸಾಮಾನಿಗಷ್ಟೇ ಅವಕಾಶವಿರುತ್ತದೆ.

4. ಬೆಳಕು ಮತ್ತು ತಾಳ್ಮೆ

ಭೂಮಧ್ಯರೇಖೆಯ ಬಳಿ ಸೂರ್ಯ ವರ್ಷವಿಡೀ ಬೆಳಿಗ್ಗೆ ಆರೂವರೆಯ ಸುಮಾರಿಗೆ ಹುಟ್ಟಿ ಸಂಜೆ ಆರೂವರೆಯ ಸುಮಾರಿಗೆ ಮುಳುಗುತ್ತಾನೆ. ಅವನ ಹಾದಿ ನೆಟ್ಟಗೆ ಮೇಲಕ್ಕೆ. ಹಾಗಾಗಿ ಹೊಂಬಿಸಿಲಿನ ಹೊತ್ತು ಬಹಳ ಚಿಕ್ಕದು. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ ತೆಗೆದ ಚಿತ್ರಕ್ಕೆ ಮೈ ಬರುತ್ತದೆ. ನಡುಹಗಲಿನಲ್ಲಿ ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಬಾಗಿಸುತ್ತದೆ. ದೂರದ ವಸ್ತು ನೀರಿನಲ್ಲಿ ಅಲುಗುವಂತೆ ಕಾಣುತ್ತದೆ. ಆಗ ಎಷ್ಟು ಬೆಲೆಯ ಲೆನ್ಸಿನಿಂದಲೂ ಚೊಕ್ಕ ಚಿತ್ರ ಬಾರದು. ಆ ಹೊತ್ತು ವಿಶ್ರಾಂತಿಗೆ, ಇಲ್ಲವೆ ಬಿಡಾರದ ಗಿಡಮರಗಳ ಹಕ್ಕಿಗಳಿಗೆ.

ಶಟರಿನ ವಿಷಯ ಮುಖ್ಯ. ಲೆನ್ಸು 400 ಮಿಲಿಮೀಟರಿನದಾದರೆ ಶಟರು ಕನಿಷ್ಠ ಒಂದು ಸೆಕೆಂಡಿನ 400ನೆಯ ಒಂದು ಭಾಗದಷ್ಟು ಚುರುಕಾಗಿರಬೇಕು ಎಂಬುದು ಹಳೆಯ ನಿಯಮ. ನಡೆಯುವ ಮೃಗಕ್ಕೆ 500ನೆಯ ಒಂದು, ಓಡುವುದಕ್ಕೆ 1,000ನೆಯ ಒಂದು, ಹಾರುವ ಹಕ್ಕಿಗೆ 2,000ನೆಯ ಒಂದು ಎಂದು ಗುರುತಿಟ್ಟುಕೊಳ್ಳಿ. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿರಿ. ಚಿತ್ರದಲ್ಲಿ ಸ್ವಲ್ಪ ಕಣಕಣ ಕಂಡರೂ ಪರವಾಗಿಲ್ಲ. ಅಲುಗಿದ ಚಿತ್ರಕ್ಕೆ ಮದ್ದಿಲ್ಲ. ಚಿತ್ರ ತೆಗೆಯುವಾಗ ವಾಹನದ ಎಂಜಿನು ನಿಲ್ಲಿಸಿರಬೇಕು, ಒಳಗೆ ಕುಳಿತವರು ಮಿಸುಕಬಾರದು.

ಕ್ಯಾಮರಾ ಜಗತ್ತನ್ನೆಲ್ಲ ಸರಾಸರಿ ಬೂದುಬಣ್ಣವೆಂದು ಭಾವಿಸುತ್ತದೆ. ಕಪ್ಪು ಪೊದೆಯ ಮುಂದೆ ನಿಂತ ಬಿಳಿ ಬೆಳ್ಳಕ್ಕಿ ಅದಕ್ಕೆ ಸುಟ್ಟ ಸುಣ್ಣದಂತೆ ಕಂಡೀತು. ಅಲ್ಲಿ ಬೆಳಕನ್ನು ಒಂದು ಮೆಟ್ಟಿಲು ಇಳಿಸಬೇಕು. ಬೆಳಗುವ ಆಕಾಶದ ಎದುರು ಹಾರುವ ಹದ್ದು ಮಸಿಯಂತೆ ಕಪ್ಪಾದೀತು, ಅಲ್ಲಿ ಏರಿಸಬೇಕು. ಫೋಕಸ್ ಯಾವಾಗಲೂ ಕಣ್ಣಿನ ಮೇಲೆ ಇರಲಿ. ಕಣ್ಣು ಸ್ಪಷ್ಟವಾಗಿದ್ದರೆ ಬಾಲ ಮಸುಕಾದರೂ ಚಿತ್ರ ಬದುಕುತ್ತದೆ. ಪ್ರಾಣಿ ನೋಡುವ ದಿಕ್ಕಿನಲ್ಲಿ ಸ್ವಲ್ಪ ಜಾಗ ಬಿಡಿ. ಮುಖವನ್ನಷ್ಟೇ ತುಂಬಿಸಿಕೊಳ್ಳುವ ಆತುರ ಬೇಡ. ಹುಲ್ಲು, ಮರ, ಮೋಡ ಸೇರಿದಾಗಲೇ ಅದು ಆಫ್ರಿಕದ ಚಿತ್ರ, ಇಲ್ಲವಾದರೆ ಮೃಗಾಲಯದ್ದು. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಂಥವರು ಇಂದಿನ ಸೌಕರ್ಯಗಳಿಲ್ಲದ ದಿನಗಳಲ್ಲಿ ಫಿಲ್ಮಿನ ಮೇಲೆ ಮೃಗ-ಪಕ್ಷಿಗಳ ಚಿತ್ರ ತೆಗೆದವರು. ಫಿಲ್ಮಿನ ಒಂದು ಸುರುಳಿಗೆ ಮೂವತ್ತಾರೇ ಚಿತ್ರ. ನಾವು ನಿಮಿಷಕ್ಕೆ ನೂರು ಚಿತ್ರ ತೆಗೆಯಬಹುದಾದರೂ ಅವರಂತೆ ಕಾಯುವುದನ್ನು ಕಲಿತರೆ ಲಾಭ ನಮ್ಮದೇ.

5. ಹಕ್ಕಿಗಳ ಪರಿಚಯ

ಕೆನ್ಯಾ ಒಂದರಲ್ಲಿಯೇ ಸಾವಿರಕ್ಕೂ ಮಿಕ್ಕ ಜಾತಿಯ ಹಕ್ಕಿಗಳಿವೆ. ಸ್ವಾಹಿಲಿಯಲ್ಲಿ ಹಕ್ಕಿಗೆ ‘ನ್‌ಡೆಗೆ’ ಎನ್ನುತ್ತಾರೆ. ವಿಮಾನಕ್ಕೂ ಅದೇ ಹೆಸರು. ಇಷ್ಟೊಂದರಲ್ಲಿ ಗುರುತಿಸುವುದು ಹೇಗೆ? ತಿಳಿದ ಹಕ್ಕಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದೇ ಸುಲಭೋಪಾಯ. ಇದು ಗುಬ್ಬಿಗಿಂತ ದೊಡ್ಡದೆ, ಗೊರವಂಕದಷ್ಟೆ, ಕಾಗೆಗಿಂತ ಚಿಕ್ಕದೆ? ಕೊಕ್ಕು ಕಾಳು ಒಡೆಯುವಂತೆ ಮೋಟೋ, ಮೀನು ಹಿಡಿಯುವಂತೆ ಚೂಪೋ? ನೆಲದಲ್ಲಿ ನಡೆಯುತ್ತದೆಯೋ, ಕುಪ್ಪಳಿಸುತ್ತದೆಯೋ? ಇವನ್ನು ಮೊದಲು ಬರೆದುಕೊಂಡು ಆಮೇಲೆ ಪುಸ್ತಕ ತೆರೆಯಬೇಕು. ಬಣ್ಣ ಕೊನೆಯ ಪ್ರಶ್ನೆ. ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ.

ಹೀಗೆ ನೋಡುತ್ತ ಹೋದರೆ ಅಲ್ಲಿ ನಮ್ಮ ಹಕ್ಕಿಗಳ ನೆಂಟರಿಷ್ಟರೇ ಸಿಗುತ್ತಾರೆ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ. ಅದರ ದಾಯಾದಿಯೇ ಎದೆಯಲ್ಲಿ ನೇರಳೆ ಬಣ್ಣವುಳ್ಳ ಆಫ್ರಿಕದ ನೀಲಕಂಠ. ಒಣಕೊಂಬೆಯ ತುದಿಯಲ್ಲಿ ಕುಳಿತು ಹುಳುವಿನ ಮೇಲೆ ಎರಗುವ ರೀತಿಯೂ ಅದೇ. ಪ್ರವಾಸಿಗಳ ಊಟದ ಮೇಜಿನ ಬಳಿ ಸುಳಿಯುವ ನೀಲಿ-ಕಿತ್ತಳೆ ಬಣ್ಣದ ಹಕ್ಕಿ ಗೊರವಂಕದ ಕುಲದ್ದು. ಹಾರಬಲ್ಲ ಹಕ್ಕಿಗಳಲ್ಲಿ ಅತಿ ತೂಕದವುಗಳ ಪೈಕಿ ಒಂದಾದ ‘ಕೋರಿ’ ಹಕ್ಕಿಯು ನಮ್ಮ ಬಯಲುಸೀಮೆಯ ಎರೆಭೂತದ ಬಳಗದ್ದು. ಅಲ್ಲಿ ಅದನ್ನು ಜೀಪಿನಿಂದ ಕಾಣಬಹುದು. ನಮ್ಮಲ್ಲಿ ಎರೆಭೂತ ಅಳಿವಿನ ಅಂಚಿಗೆ ಬಂದು ನಿಂತಿದೆ. ಇದನ್ನು ನೋಡಿದಾಗ ಸಂತೋಷದ ಜೊತೆಗೆ ನಾಚಿಕೆಯೂ ಆಗಬೇಕು.

ಗುಮಾಸ್ತ ಬಂಧುಗಳಿಗೆ ವಿಶೇಷವಾಗಿ ಹಿಡಿಸಬಹುದಾದದ್ದು ‘ಸೆಕ್ರೆಟರಿ’ ಹಕ್ಕಿ. ತಲೆಯ ಹಿಂದೆ ಚಾಚಿದ ಗರಿಗಳು ಹಿಂದಿನ ಕಾಲದ ಗುಮಾಸ್ತರು ಕಿವಿಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಗರಿಯ ಲೇಖನಿಯಂತೆ ಕಾಣುವುದರಿಂದ ಈ ಹೆಸರು ಬಂತೆಂದು ಹೇಳುವ ವಾಡಿಕೆ. ನಾಲ್ಕಡಿ ಎತ್ತರದ ಇದು ಹುಲ್ಲಿನಲ್ಲಿ ಗಂಭೀರವಾಗಿ ನಡೆಯುತ್ತ ಹಾವು ಕಂಡರೆ ಕಾಲಿನಿಂದ ಒದ್ದು ಕೊಲ್ಲುತ್ತದೆ. ಆ ಒದೆತದ ಬಲ ತನ್ನ ಮೈತೂಕದ ಐದು ಪಟ್ಟು ಎಂದು 2016ರಲ್ಲಿ ಅಳೆದಿದ್ದಾರೆ. ಖಡ್ಗಮೃಗದ ಬೆನ್ನಿನ ಮೇಲೆ ಕೂತು ಉಣ್ಣೆ ಹೆಕ್ಕುವ ಪುಟ್ಟ ಹಕ್ಕಿಗೆ ಸ್ವಾಹಿಲಿಯಲ್ಲಿ ‘ಖಡ್ಗಮೃಗದ ಕಾವಲುಗಾರ’ ಎಂದೇ ಹೆಸರು. ಮನುಷ್ಯ ಸಮೀಪಿಸಿದರೆ ಅದು ಕೂಗಿ ಎಚ್ಚರಿಸುತ್ತದೆ. ಹಾಗೆಂದು ಅದು ಬರೀ ಉಪಕಾರಿಯಲ್ಲ. ಗಾಯವನ್ನು ಕುಕ್ಕಿ ರಕ್ತವನ್ನೂ ಹೀರುತ್ತದೆ.

ಜೇನು ತೋರಿಸುವ ಹಕ್ಕಿಯ ಕಥೆ ಇನ್ನೂ ಸೋಜಿಗದ್ದು. ಮೊಜಾಂಬಿಕಿನ ಯಾವೊ ಜನ ಒಂದು ವಿಶಿಷ್ಟ ಕೂಗು ಹಾಕಿದರೆ ಈ ಹಕ್ಕಿ ಮರದಿಂದ ಮರಕ್ಕೆ ಹಾರುತ್ತ ಅವರನ್ನು ಜೇನುಗೂಡಿನ ಬಳಿಗೆ ಕರೆದೊಯ್ಯುತ್ತದೆ. ಜೇನು ಜನರಿಗೆ, ಮೇಣ ಹಕ್ಕಿಗೆ. ಆ ಕೂಗು ಹಾಕಿದಾಗ ಗೂಡು ದೊರೆಯುವ ಸಂಭವ ನೂರಕ್ಕೆ 16ರಿಂದ 54ಕ್ಕೆ ಏರಿತೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಾಡಿನ ಹಕ್ಕಿಯೂ ಮನುಷ್ಯನೂ ಹೀಗೆ ಕರಾರಿಲ್ಲದೆ ಪಾಲುದಾರರಾಗಿರುವುದು ಬಹು ಅಪರೂಪ.

ಮೃಗಗಳನ್ನಷ್ಟೇ ನೋಡಬೇಕೆನ್ನುವವರೂ ಹಕ್ಕಿಯನ್ನು ಅಲಕ್ಷಿಸಬಾರದು. ರಣಹದ್ದುಗಳು ಒಂದೇ ಕಡೆಗೆ ಇಳಿಯುತ್ತಿದ್ದರೆ ಅಲ್ಲಿ ಹೆಣವಿದೆ. ಇಳಿದವು ನೆಲ ಮುಟ್ಟದೆ ಮರದಲ್ಲೇ ಕುಳಿತಿದ್ದರೆ, ಹೆಣದ ಬಳಿ ಸಿಂಹವೋ ಕತ್ತೆಕಿರುಬವೋ ಇನ್ನೂ ಇದ್ದೀತು.

6. ನೋಟದ ಮರ್ಯಾದೆ

ಈಗ ಈ ಪಾಠದ ಮುಖ್ಯ ಭಾಗಕ್ಕೆ ಬರುತ್ತೇವೆ. ಬಂದೂಕು ಹೋಗಿ ಕ್ಯಾಮರಾ ಬಂದ ಮಾತ್ರಕ್ಕೆ ಹಿಂಸೆ ತಪ್ಪಿತೆಂದು ತಿಳಿಯಬಾರದು. ಚೀತಾ ಎಂಬುದು ಚಿರತೆಯಲ್ಲ; ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರಿನಂಥ ಕರಿಗೆರೆ ಇರುವುದು ಚೀತಾ. ಭಾರತದಲ್ಲಿ ಅದು ಅಳಿಯಿತೆಂದು 1952ರಲ್ಲಿ ಸಾರಲಾಯಿತು; 2022ರಲ್ಲಿ ನಮೀಬಿಯದಿಂದ ಎಂಟನ್ನು ತಂದು ಮಧ್ಯಪ್ರದೇಶದ ಕೂನೊದಲ್ಲಿ ಬಿಟ್ಟರು. ಚೀತಾ ಹಗಲಿನಲ್ಲಿ ಬೇಟೆಯಾಡುವ ಪ್ರಾಣಿ. ಆದುದರಿಂದಲೇ ಅದಕ್ಕೆ ಪ್ರವಾಸಿಗಳ ಕಾಟ ಹೆಚ್ಚು. ಮಸಾಯ್ ಮಾರಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ರವಾಸಿಗಳು ಕಡಮೆಯಿರುವ ಕಡೆ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ ಎರಡಕ್ಕೂ ಹೆಚ್ಚು ಮರಿಗಳನ್ನು ಬೆಳೆಸಿ ದೊಡ್ಡವು ಮಾಡಿದರೆ, ಪ್ರವಾಸಿಗಳು ಕಿಕ್ಕಿರಿದ ಕಡೆ ಐದು ಸೂಲಿಗೆ ಸುಮಾರು ಒಂದು ಮರಿ ಮಾತ್ರ ಉಳಿಯಿತು. ಅಲ್ಲಿ ಯಾರೂ ಗುಂಡು ಹಾರಿಸಲಿಲ್ಲ. ಎಲ್ಲರೂ ಪ್ರೀತಿಯಿಂದ ನೋಡಲು ಬಂದವರೇ!

ಇಲ್ಲಿ ವಾಹನದ ಚಾಲಕನ ಸಂಗತಿಯನ್ನೂ ಹೇಳಬೇಕು. ಅವನೂ ನಮ್ಮಂತೆ ಸಂಬಳದ ಮನುಷ್ಯ. ಬಹುಮಟ್ಟಿಗೆ ಪ್ರವಾಸಿಯ ಭಕ್ಷೀಸಿನಿಂದ ಸಂಸಾರ ನಡೆಸುವವನು. “ಇನ್ನೂ ಹತ್ತಿರ ಹೋಗಪ್ಪ” ಎಂದು ನಾವು ಒತ್ತಾಯಿಸಿದರೆ, ಕೂಡದೆಂದು ಹೇಳುವ ಧೈರ್ಯ ಅವನಿಗೆ ಬರುವುದು ಕಷ್ಟ. ನಿಯಮ ಮುರಿದು ಸಿಕ್ಕಿಬಿದ್ದರೆ ಕೆಲಸ ಹೋಗುವುದು ಅವನದು, ನಮ್ಮದಲ್ಲ. ಮೇಲಿನವರ ಒತ್ತಾಯಕ್ಕೆ ತಪ್ಪು ಕೆಲಸ ಮಾಡಬೇಕಾಗಿ ಬರುವ ಸಂಕಟ ದುಡಿಯುವವರಿಗೆ ಗೊತ್ತಿದ್ದದ್ದೇ. ಆದುದರಿಂದ ಹೊರಡುವಾಗಲೇ ಅವನಿಗೆ ಸ್ಪಷ್ಟವಾಗಿ ಹೇಳಿಬಿಡಬೇಕು: “ಅಣ್ಣ, ನಮಗೆ ಅವಸರವಿಲ್ಲ. ಪ್ರಾಣಿ ಬೆದರುವಷ್ಟು ಹತ್ತಿರ ಬೇಡ. ಏನೂ ಕಾಣದಿದ್ದರೂ ನಿನ್ನ ಭಕ್ಷೀಸು ಕಡಮೆಯಾಗದು.” ಈ ಮಾತಿನಿಂದ ಅವನ ಮನಸ್ಸು ಹಗುರವಾಗಿ, ಬೇರೆಯವರಿಗೆ ತೋರಿಸದ ಸಂಗತಿಗಳನ್ನೂ ತೋರಿಸಿಯಾನು.

ಉಳಿದ ನಿಯಮಗಳು ಸರಳ. ಬೇಟೆಗೆ ಹೊಂಚುತ್ತಿರುವ ಪ್ರಾಣಿಗೂ ಅದರ ಬೇಟೆಗೂ ನಡುವೆ ವಾಹನ ನಿಲ್ಲಿಸಬಾರದು. ನದಿ ದಾಟುವ ಹಿಂಡಿಗೆ ಅಡ್ಡಗಟ್ಟಬಾರದು. ಗೂಡಿನಲ್ಲಿರುವ ಹಕ್ಕಿಯನ್ನು ಎಬ್ಬಿಸಬಾರದು. ಹಕ್ಕಿಯ ಕೂಗಿನ ಧ್ವನಿಮುದ್ರಿಕೆ ಹಾಕಿ ಕರೆಯಬಾರದು. ಪ್ರಾಣಿ ತಿನ್ನುವುದನ್ನು ನಿಲ್ಲಿಸಿ ನಮ್ಮತ್ತ ನೋಡತೊಡಗಿತೆಂದರೆ ನಾವು ಆಗಲೇ ಅಗತ್ಯಕ್ಕಿಂತ ಹತ್ತಿರ ಬಂದಿದ್ದೇವೆ ಎಂದರ್ಥ. ಮಸಾಯ್ ಜನರ ಚಿತ್ರ ತೆಗೆಯುವಾಗ ಅವರ ಒಪ್ಪಿಗೆ ಪಡೆಯಬೇಕು. ಅವರು ನೋಟದ ವಸ್ತುಗಳಲ್ಲ. ಸೆರೆಂಗೆಟಿ ಅವರು ದನ ಮೇಯಿಸುತ್ತಿದ್ದ ನೆಲ, 1959ರಲ್ಲಿ ಅಲ್ಲಿಂದ ಅವರನ್ನು ಎಬ್ಬಿಸಲಾಯಿತು.

7. ಇಲ್ಲಿಯೇ ಅಭ್ಯಾಸ

ಪೂರ್ವ ಆಫ್ರಿಕದ ನಾಟ್ರಾನ್, ನಕುರು ಸರೋವರಗಳ ಕಿರು ರಾಜಹಂಸ ಮತ್ತು ಮುಂಬಯಿಯ ಶಿವಡಿ, ಠಾಣೆ ಖಾರಿಗಳಿಗೆ ಚಳಿಗಾಲದಲ್ಲಿ ಬರುವ ಕಿರು ರಾಜಹಂಸ ಒಂದೇ ಜಾತಿಯವು. ಪುಣೆಯವರಿಗೆ ಭಿಗವಣದ ಹಿನ್ನೀರಿದೆ, ಚೆನ್ನೈಯವರಿಗೆ ಪಳ್ಳಿಕರಣೈ ಮತ್ತು ಪುಲಿಕಾಟ್ ಇವೆ, ಹೈದರಾಬಾದಿನವರಿಗೆ ಅಮೀನ್‌ಪುರ ಕೆರೆಯಿದೆ, ದಿಲ್ಲಿಯವರಿಗೆ ಓಖ್ಲಾ ಮತ್ತು ಸುಲ್ತಾನ್‌ಪುರಗಳಿವೆ. ಮಧ್ಯ ಹಾಗೂ ಉತ್ತರ ಭಾರತಕ್ಕೆ ಮುಂಗಾರಿನ ಮುಂಚೆ ಬರುವ ಚಾತಕ ಆಫ್ರಿಕದಿಂದ ಸಮುದ್ರ ದಾಟಿ ಬರುತ್ತದೆ. ಪಾರಿವಾಳದಷ್ಟೂ ಇಲ್ಲದ ಅಮೂರ್ ಡೇಗೆ ನಾಗಾಲ್ಯಾಂಡಿನಲ್ಲಿ ತಂಗಿ, ಅರಬ್ಬೀ ಸಮುದ್ರವನ್ನು ಒಂದೇ ಉಸಿರಿಗೆ ದಾಟಿ ಆಫ್ರಿಕದ ದಕ್ಷಿಣಕ್ಕೆ ಹೋಗುತ್ತದೆ. 2012ರಲ್ಲಿ ನಾಗಾಲ್ಯಾಂಡಿನಲ್ಲಿ ಇವನ್ನು ಬಲೆ ಹಾಕಿ ಸಾವಿರಗಟ್ಟಲೆ ಕೊಲ್ಲುತ್ತಿದ್ದುದು ಬೆಳಕಿಗೆ ಬಂದ ಮೇಲೆ, ಮರುವರ್ಷ ಅಲ್ಲಿನ ಹಳ್ಳಿಗರೇ ಮನಸ್ಸು ಮಾಡಿ ಅದನ್ನು ನಿಲ್ಲಿಸಿದರು.

ಬರುವ ರವಿವಾರ ಒಂದು ಗಂಟೆ ಮಾಡಬಹುದಾದ ಅಭ್ಯಾಸ ಇಷ್ಟು. ಹತ್ತಿರದ ಕೆರೆಗೋ ಉದ್ಯಾನಕ್ಕೋ ಹೋಗಿ ಒಂದೇ ಹಕ್ಕಿಯನ್ನು ಹತ್ತು ನಿಮಿಷ ಬಿಡದೆ ನೋಡಿರಿ. ಗಾತ್ರ, ಕೊಕ್ಕು, ನಡಿಗೆ, ಕೂಗು, ಅದು ಮಾಡಿದ ಕೆಲಸ ಇವನ್ನು ಐದು ಸಾಲಿನಲ್ಲಿ ಬರೆಯಿರಿ. ಆ ಬಳಿಕ ಮೊಬೈಲಿನಿಂದಲಾದರೂ ಒಂದೇ ಒಂದು ಚಿತ್ರ ತೆಗೆಯಿರಿ, ಎರಡನೆಯದು ಬೇಡ. ಬರೆದದ್ದನ್ನು ವಾಚನಾಲಯದ ಮೇಜಿನ ಮೇಲಿಟ್ಟರೆ ಹಕ್ಕಿಯ ಹೆಸರು ಹುಡುಕಲು ಎಲ್ಲರೂ ಕೂಡಿ ಕುಳಿತುಕೊಳ್ಳೋಣ.